ಗಿಟಾರನ್ನು ಯಾರ ಕೈಗೆ ಒಪ್ಪಿಸೋಣ?

ನಮ್ಮ ಧರ್ಮಕೇಂದ್ರದ ಗಾನವೃಂದಕ್ಕೆ ಸೇರಿದ ಹಳೆಯ ಗಿಟಾರೊಂದಿದೆ. 1996ರಲ್ಲಿ ಊರಿನ ಕುಟುಂಬವೊಂದು ಅಗಲಿದ ತಂದೆಯ ನೆನಪಿಗಾಗಿ ಅದನ್ನು ದೇವಾಲಯಕ್ಕೆ ಒಪ್ಪಿಸಿತು. ಆ ಹಿರಿಯರು ಸಂಜೆಯ ಹೊತ್ತು ಜಗಲಿಯ ಮೇಲೆ ಕುಳಿತು ಅದನ್ನು ನುಡಿಸುತ್ತಿದ್ದುದನ್ನು ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರ ಮಗಳು ಭಾನುವಾರದ ಬಲಿಪೂಜೆಗೆ ಬಂದಾಗ ಎರಡನೆಯ ಸಾಲಿನಲ್ಲಿ, ಗಾನವೃಂದಕ್ಕೆ ಹತ್ತಿರವಾಗಿ ಕುಳಿತುಕೊಳ್ಳುತ್ತಾರೆ. ಏಕೆಂದು ಯಾರೂ ಕೇಳಿದ್ದಿಲ್ಲ, ಕೇಳುವ ಅಗತ್ಯವೂ ಇಲ್ಲ.

2009ರ ಮಳೆಗಾಲದಲ್ಲಿ ಆ ಗಿಟಾರಿಗೆ ಆದ ಗಾಯಕ್ಕೆ ನಾನೇ ಹೊಣೆ. ನಮ್ಮದು ಮಲೆನಾಡು. ಜುಲೈ ತಿಂಗಳಲ್ಲಿ ಗೋಡೆಯೇ ಬೆವರುವಾಗ ಮರದ ವಾದ್ಯದ ಪಾಡೇನು? ತಂತಿಗಳು ಮೇಲೆದ್ದು, ಒತ್ತುವ ಹುಡುಗರ ಬೆರಳ ತುದಿಗಳು ನೋಯತೊಡಗಿದವು. ಆಗಸ್ಟ್ 15ರ ಸ್ವರ್ಗಾರೋಹಣದ ಹಬ್ಬ ಹತ್ತಿರವಾಗುತ್ತಿತ್ತು. ಗಾನವೃಂದದ ಹೊಣೆ ಹೊತ್ತಿದ್ದ ನಾನು ಗಿಟಾರನ್ನು ಗೋಣಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ, ವಾದ್ಯಗಳನ್ನು ಮಾರುವ ಅಂಗಡಿಯೊಂದಕ್ಕೆ ಹೋದೆ. ಅಲ್ಲಿದ್ದ ರಿಪೇರಿಯ ಯುವಕ ಒಂದು ಮಾತನ್ನೂ ಕೇಳಲಿಲ್ಲ. ತಂತಿಯ ಮೇಲೊಮ್ಮೆ ಹೆಬ್ಬೆರಳು ಎಳೆದು, “ನಾಳೆ ಬನ್ನಿ ಸಾರ್” ಎಂದ. ಮರುದಿನ ಹೋದಾಗ ತಂತಿಗಳು ಬೆಣ್ಣೆಯ ಹಾಗೆ ಬೆರಳಿಗೆ ಒಗ್ಗುತ್ತಿದ್ದವು. ಮುನ್ನೂರು ರೂಪಾಯಿ ಕೊಟ್ಟು ಸಂತೋಷದಿಂದ ಮರಳಿದೆ. ಹಬ್ಬವೂ ಚೆನ್ನಾಗಿ ಕಳೆಯಿತು.

ಫೆಬ್ರವರಿಯ ಒಣಹವೆ ಬಂದಾಗ ಸತ್ಯ ಹೊರಬಿತ್ತು. ಮಳೆಯ ತೇವಕ್ಕೆ ಉಬ್ಬಿದ್ದ ಮುಖದ ಹಲಗೆ ಒಣಗಿ ಕೆಳಗಿಳಿದಿತ್ತು, ಅದರೊಂದಿಗೆ ತಂತಿಗಳೂ ಇಳಿದು ಮೆಟ್ಟಿಲುಗಳಿಗೆ ತಗಲಿ ಗರಗರ ಎನ್ನುತ್ತಿದ್ದವು. ಬಿಚ್ಚಿ ನೋಡಿದರೆ, ಆ ಯುವಕ ತಂತಿಯನ್ನು ಹೊತ್ತ ಮೂಳೆಯ ತುಂಡನ್ನು ಅರ್ಧಕ್ಕೆ ಉಜ್ಜಿದ್ದಲ್ಲದೆ, ಅದು ಕುಳಿತಿರುವ ಬ್ರಿಡ್ಜಿನ ಮರವನ್ನೂ ಉಳಿ ಹಾಕಿ ತೆಳ್ಳಗೆ ಮಾಡಿ, ಮೇಲೆ ಬಣ್ಣ ಬಳಿದಿದ್ದ. ಹೋದ ಮರ ಮತ್ತೆ ಬೆಳೆಯುವುದಿಲ್ಲ. ಎರಡನೆಯ ಸಾಲಿನಲ್ಲಿ ಕುಳಿತ ಆ ತಾಯಿ ಏನೂ ಹೇಳಲಿಲ್ಲ. ಅವರು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಂದಿನಿಂದ ನನ್ನನ್ನು ಕಾಡಿದ ಪ್ರಶ್ನೆ ಇದು: ಒಳಗನ್ನು ಕಾಣಲಾರದ, ಕೆಲಸವನ್ನು ಅಳೆಯಲಾರದ ನಮ್ಮಂಥವರು ವಾದ್ಯವನ್ನು ಯಾರ ಕೈಗೆ ನಂಬಿ ಕೊಡಬೇಕು? ಉತ್ತರ ಹುಡುಕುತ್ತಾ ಪುಸ್ತಕಗಳನ್ನು ತಿರುವಿದಾಗ, ಸುಮಾರು ಇನ್ನೂರು ವರ್ಷಗಳ ಹಿಂದೆ ಜರ್ಮನಿಯ ಪುಟ್ಟ ಊರೊಂದು ಇದೇ ಪ್ರಶ್ನೆಯನ್ನು ಹಿಡಿದು ಆಡಳಿತದ ಮೆಟ್ಟಿಲೇರಿತ್ತೆಂಬುದು ತಿಳಿಯಿತು.

ಸ್ಯಾಕ್ಸನಿ ಪ್ರಾಂತದ ದಕ್ಷಿಣದ ಅಂಚಿನಲ್ಲಿ, ಇಂದಿನ ಚೆಕ್ ದೇಶದ ಗಡಿಗೆ ತಾಗಿದಂತೆ ಮಾರ್ಕ್‌ನೊಯ್ಕಿರ್ಶೆನ್ ಎಂಬ ಊರಿದೆ. ಹದಿನೇಳನೆಯ ಶತಮಾನದಲ್ಲಿ ನಂಬಿಕೆಯ ಕಾರಣಕ್ಕೆ ಬೊಹೆಮಿಯಾದ ಗ್ರಾಸ್ಲಿಟ್ಸ್ ಊರನ್ನು ತೊರೆಯಬೇಕಾಗಿ ಬಂದ ಪಿಟೀಲು ತಯಾರಕರು ಇಲ್ಲಿ ಬಂದು ನೆಲೆಸಿದರು. 1677ರಲ್ಲಿ ಅವರು ತಮ್ಮದೊಂದು ಶ್ರೇಣಿಯನ್ನು ಕಟ್ಟಿಕೊಂಡರು. ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ವರ್ತಕರ ಮತ್ತು ಕಸುಬುದಾರರ ಶ್ರೇಣಿಗಳ ವಿಷಯ ಓದಿದವರಿಗೆ ಇದರ ಸ್ವರೂಪ ಅರ್ಥವಾಗುತ್ತದೆ. ಶ್ರೇಣಿಗೆ ಸೇರಬೇಕಾದವನು ವರ್ಷಗಟ್ಟಲೆ ಗುರುವಿನ ಬಳಿ ದುಡಿಯಬೇಕು, ಬಳಿಕ ಹಿರಿಯರು ಮೆಚ್ಚುವಂಥ ವಾದ್ಯವನ್ನು ಸ್ವಂತ ಕೈಯಿಂದ ಮಾಡಿ ತೋರಿಸಬೇಕು. ಕೊಳ್ಳುವವನಿಗೆ ಇದರಿಂದ ಒಂದು ಭರವಸೆ. ವಾದ್ಯದ ಒಳಗು ಅವನಿಗೆ ಕಾಣದಿದ್ದರೂ, ಕಂಡವರು ಒಪ್ಪಿದ್ದಾರೆ ಎಂಬ ಸಮಾಧಾನ.

ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಈ ಊರಿಗೆ ಗಿಟಾರು ಬಂತು. ಅದನ್ನು ತಯಾರಿಸತೊಡಗಿದವರು ಪಿಟೀಲಿನವರಲ್ಲ, ಕಪಾಟು ಕುರ್ಚಿಗಳನ್ನು ಮಾಡುತ್ತಿದ್ದ ಬಡಗಿಗಳು. ಜೊಹಾನ್ ಗಿಯೋರ್ಗ್ ಮಾರ್ಟಿನ್ ಎಂಬ ಬಡಗಿ ಅವರಲ್ಲೊಬ್ಬ. ಕೆಲವು ದಶಕಗಳಲ್ಲಿ ಗಿಟಾರಿಗೆ ಬೇಡಿಕೆ ಏರಿತು, ಬಡಗಿಗಳ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿತು, ಆಗ ಪಿಟೀಲಿನವರಿಗೆ ತಮ್ಮ ಶ್ರೇಣಿಯ ಹಕ್ಕು ನೆನಪಾಯಿತು.

1826ರಲ್ಲಿ ಅವರು ದೂರು ಸಲ್ಲಿಸಿದರು. ಬಡಗಿಗಳು ಕೇವಲ ಯಂತ್ರದಂತೆ ದುಡಿಯುವವರು, ಅವರ ಕೈಯಿಂದ ಬರುವುದು ಪೀಠೋಪಕರಣ, ನಾವಾದರೋ ಕಲಾವಿದರು ಎಂಬುದು ಅವರ ವಾದ. ಅಜ್ಜನ ಒರಗುಕುರ್ಚಿಗೂ ಗಿಟಾರಿಗೂ ವ್ಯತ್ಯಾಸ ಕಾಣದ ದಡ್ಡನಾರು, ಅಂಥ ವಸ್ತು ನಮ್ಮ ವಾದ್ಯಗಳ ನಡುವೆ ನಿಂತರೆ ಪ್ರವಾದಿಗಳ ನಡುವೆ ಸೌಲ ನಿಂತಂತೆ ಕಾಣದೇ ಎಂದೂ ಅವರು ಮೂದಲಿಸಿದರು. ಬೈಬಲನ್ನು ಬಲ್ಲವರ ಮೂದಲಿಕೆ ಎಂಬುದು ನಿಜ. ಆದರೆ ಅವಸರದಲ್ಲಿ ಒಂದು ಸಂಗತಿಯನ್ನು ಅವರು ಮರೆತರೆಂದು ತೋರುತ್ತದೆ. ಸಮುವೇಲನ ಮೊದಲನೆಯ ಗ್ರಂಥದ ಹತ್ತನೆಯ ಅಧ್ಯಾಯದಲ್ಲಿ ಗುಡ್ಡದಿಂದಿಳಿದು ಬರುವ ಪ್ರವಾದಿಗಳ ಮುಂದೆ ವಾದ್ಯಗಳೇ ಮೊಳಗುತ್ತಿರುತ್ತವೆ, ಮತ್ತು ಆ ದಿನ ಸೌಲನು ನಿಜವಾಗಿಯೂ ಪ್ರವಾದಿಸುತ್ತಾನೆ!

ಬಡಗಿಗಳ ಉತ್ತರ ಸರಳವಾಗಿತ್ತು. ಶ್ರೇಣಿಯ ಕಟ್ಟಳೆಗಳು ರೂಪುಗೊಂಡಾಗ ಗಿಟಾರು ಈ ಊರಿನಲ್ಲಿ ಇರಲೇ ಇಲ್ಲ. ಇಲ್ಲದ ವಾದ್ಯದ ಮೇಲೆ ನಿಮಗೆ ಹಕ್ಕು ಬಂದದ್ದು ಎಲ್ಲಿಂದ? ವ್ಯಾಜ್ಯ ಒಂದು ಸುತ್ತಿಗೆ ಮುಗಿಯಲಿಲ್ಲ. 1832ರಲ್ಲಿ ಮತ್ತೆ ಕಾವೇರಿದಾಗ ಸಗಟು ವರ್ತಕನೊಬ್ಬ ಬಡಗಿಗಳ ಪರವಾಗಿ ಸಾಕ್ಷಿ ನುಡಿದ. ಜೊಹಾನ್ ಗಿಯೋರ್ಗನ ಮಗ ಕ್ರಿಸ್ಟಿಯನ್ ಫ್ರೆಡ್ರಿಕ್ ಮಾರ್ಟಿನ್ ವಿಯೆನ್ನಾದ ಪ್ರಸಿದ್ಧ ತಯಾರಕ ಸ್ಟೌಫರನ ಬಳಿ ಕಲಿತು ಬಂದವನು, ಅವನು ಮಾಡಿದ ಗಿಟಾರುಗಳಲ್ಲಿ ಗುಣದಲ್ಲಾಗಲಿ ಅಂದದಲ್ಲಾಗಲಿ ಹೆಸರಿಡುವಂಥದ್ದೇನೂ ಇಲ್ಲ ಎಂಬುದು ಅವನ ಮಾತಿನ ಸಾರಾಂಶ. ಬಡಗಿಗಳು ಗಿಟಾರು ತಯಾರಿಸುವ ಹಕ್ಕನ್ನು ಉಳಿಸಿಕೊಂಡರು.

ನನಗೆ ಈ ವ್ಯಾಜ್ಯದಲ್ಲಿ ಅತಿ ಮುಖ್ಯವಾಗಿ ಕಾಣುವುದು ಆ ವರ್ತಕನ ಸಾಕ್ಷಿ. ಅವನು ಶ್ರೇಣಿಯವನಲ್ಲ, ಬಡಗಿಯೂ ಅಲ್ಲ. ಆದರೆ ವಾದ್ಯಗಳನ್ನು ಕೊಂಡು ದೂರದ ಊರುಗಳಿಗೆ ಕಳುಹಿಸುವವನು. ಕೆಟ್ಟ ಕೊರಳಿನ ಗಿಟಾರು ಹೋದರೆ ಗಿರಾಕಿಯ ಸಿಟ್ಟು ಮೊದಲು ತಲುಪುವುದು ಅವನಿಗೇ. ವಾದ್ಯ ಕೈಬಿಟ್ಟು ಹೋದ ಮೇಲೆ ಏನಾಯಿತೆಂಬುದು ಗೊತ್ತಿರುವವನ ಮಾತಿಗೆ ಬೇರೆಯೇ ತೂಕವಿದೆ. 2009ರಲ್ಲಿ ನಾನು ಹೋದ ಅಂಗಡಿಯನ್ನು ಶಿಫಾರಸು ಮಾಡಿದವರು ಅಲ್ಲಿಂದ ಹಿಂದಿನ ವಾರವಷ್ಟೇ ಗಿಟಾರು ತಂದವರು. ಒಂದು ಮಳೆಗಾಲ, ಒಂದು ಬೇಸಿಗೆಯಾದರೂ ಕಳೆದ ಗಿಟಾರಿನ ಯಜಮಾನನನ್ನು ಕೇಳಬೇಕೆಂಬ ಬುದ್ಧಿ ನನಗೆ ಹೊಳೆಯಲಿಲ್ಲ.

ಹಾಗೆಂದು ಪಿಟೀಲಿನವರನ್ನು ಬರೀ ಹೊಟ್ಟೆಕಿಚ್ಚಿನವರೆಂದು ತಳ್ಳಿಹಾಕುವುದು ನ್ಯಾಯವಲ್ಲ. ಮರವನ್ನು ಬಲ್ಲವನು ನಾದವನ್ನೂ ಬಲ್ಲನೆಂದು ಹೇಳಲಾಗದು. ನಮ್ಮ ಊರುಗಳಲ್ಲಿ ಬಿರುಕು ಬಿಟ್ಟ ಗಿಟಾರನ್ನು ಬಾಗಿಲು ಮಾಡುವ ಬಡಗಿಯ ಬಳಿ ಒಯ್ದು, ಅವನು ಒಳಗೆಲ್ಲ ಅಂಟು ಸುರಿದು ಮೊಳೆ ಹೊಡೆದು ಕೊಟ್ಟ ಉದಾಹರಣೆಗಳನ್ನು ನಾನೇ ಕಂಡಿದ್ದೇನೆ. ಬಾಗಿಲು ಎಷ್ಟು ಗಟ್ಟಿಯಾದರೆ ಅಷ್ಟು ಒಳ್ಳೆಯದು. ಗಿಟಾರು ಮುರಿಯದಷ್ಟು ಗಟ್ಟಿಯಾಗಿಯೂ ಮಿಡಿಯುವಷ್ಟು ಸಡಿಲವಾಗಿಯೂ ಇರಬೇಕು. ಮಾರ್ಟಿನ್ ಕುಟುಂಬದ ಮಗ ಅಪ್ಪನ ಉಳಿಯೊಂದನ್ನೇ ನೆಚ್ಚದೆ ವಿಯೆನ್ನಾಕ್ಕೆ ಹೋಗಿ ಕಲಿತದ್ದು ಈ ವ್ಯತ್ಯಾಸವನ್ನೇ.

ಆ ಕಾಲದ ವಿಯೆನ್ನಾ ಗಿಟಾರಿನ ಹುಚ್ಚು ಹಿಡಿದ ನಗರ. ಇಟಲಿಯ ಮೌರೊ ಜೂಲಿಯಾನಿ 1806ರಿಂದ 1819ರವರೆಗೆ ಅಲ್ಲಿದ್ದು ಗಿಟಾರು ನುಡಿಸಿ ಹೆಸರಾಗಿದ್ದ. ಆಸ್ಟ್ರಿಯಾದ ಹಳ್ಳಿಗಳಿಗೂ ಗಿಟಾರು ತಲುಪಿತ್ತೆಂಬುದಕ್ಕೆ ನಮಗೆಲ್ಲ ಪ್ರಿಯವಾದ ಸಾಕ್ಷಿಯೊಂದಿದೆ. 1818ರ ಡಿಸೆಂಬರ್ 24ರಂದು ಸಾಲ್ಜ್‌ಬರ್ಗ್ ಬಳಿಯ ಓಬರ್ನ್‌ಡಾರ್ಫ್‌ನ ಸಂತ ನಿಕೋಲಾಸರ ದೇವಾಲಯದಲ್ಲಿ ಸಹಾಯಕ ಗುರುಗಳಾಗಿದ್ದ ಜೋಸೆಫ್ ಮೋರ್ ತಾವು ರಚಿಸಿದ ಕ್ರಿಸ್ತಜಯಂತಿಯ ಗೀತೆಯನ್ನು, ಫ್ರಾನ್ಜ್ ಗ್ರೂಬರ್ ಕಟ್ಟಿದ ರಾಗದಲ್ಲಿ, ಗಿಟಾರು ಮೀಟುತ್ತಾ ಗ್ರೂಬರರೊಡನೆ ಹಾಡಿದರು. ಇಂದು ಜಗತ್ತೆಲ್ಲ ಹಾಡುವ ‘ಸೈಲೆಂಟ್ ನೈಟ್’ ಅದು. ಇಲಿಗಳು ಆರ್ಗನ್ನನ್ನು ಕಡಿದಿದ್ದವು, ಅದಕ್ಕೇ ಗಿಟಾರು ಬಂತು ಎಂಬುದು ಮಕ್ಕಳಿಗೆ ಹೇಳಲು ಸೊಗಸಾದ ಕತೆ. 1854ರಲ್ಲಿ ಗ್ರೂಬರ್ ಸ್ವತಃ ಬರೆದಿಟ್ಟ ಟಿಪ್ಪಣಿಯಲ್ಲಿ ಇಲಿಯ ಸುಳಿವಿಲ್ಲ. ಆರ್ಗನ್ನಿನ ಕೆಲಸಕ್ಕೆಂದು ಆ ಊರಿಗೆ ಬರುತ್ತಿದ್ದ ಕಾರ್ಲ್ ಮೌರಾಖರ್ ಎಂಬ ಕುಶಲಕರ್ಮಿ ಈ ಗೀತೆಯನ್ನು ತನ್ನ ಕಣಿವೆಯಾದ ಜಿಲ್ಲರ್‌ಟಾಲಿಗೆ ಒಯ್ದನೆಂಬುದು ಮಾತ್ರ ಒಪ್ಪಿತವಾದ ಸಂಗತಿ. ಅಲ್ಲಿಂದ ಸಂಚಾರಿ ಗಾಯಕ ಕುಟುಂಬಗಳ ಬಾಯಿಗೆ ಬಿದ್ದು ಅದು ಲೋಕ ಸುತ್ತಿತು. ರಿಪೇರಿಗೆ ಬಂದವನು ಉಪಕರಣಗಳ ಪೆಟ್ಟಿಗೆಯ ಜೊತೆಗೆ ಕಿವಿಯನ್ನೂ ತಂದಿದ್ದ! ಮೋರ್ ಅವರ ಆ ಗಿಟಾರು ಇಂದಿಗೂ ಹಾಲೈನ್ ಊರಿನ ವಸ್ತುಸಂಗ್ರಹಾಲಯದಲ್ಲಿ ಉಳಿದಿದೆ.

ಇನ್ನು ಮಾರ್ಟಿನ್‌ನ ಗುರು ಜೊಹಾನ್ ಗಿಯೋರ್ಗ್ ಸ್ಟೌಫರನ ವಿಷಯ. ಅವನಿಗೆ 1822ರಲ್ಲಿ ಗಿಟಾರಿನ ಸುಧಾರಣೆಗಳಿಗಾಗಿ ಚಕ್ರವರ್ತಿಯ ಸರ್ಕಾರದಿಂದ ವಿಶೇಷ ಹಕ್ಕು ದೊರೆಯಿತು. ಅವನ ಗಿಟಾರುಗಳ ಹೆಗ್ಗುರುತು ಕೊರಳಿನ ಬುಡದಲ್ಲಿದ್ದ ಒಂದು ತಿರುಪು. ಗೋಡೆಗಡಿಯಾರಕ್ಕೆ ಕೀಲಿ ಕೊಡುವಂಥ ಒಂದು ಕೀಲಿಯನ್ನು ಅದಕ್ಕೆ ತೂರಿಸಿ ತಿರುಗಿಸಿದರೆ ಕೊರಳು ತುಸು ಹಿಂದಕ್ಕೋ ಮುಂದಕ್ಕೋ ವಾಲುತ್ತಿತ್ತು, ತಂತಿಯ ಎತ್ತರ ಅದಕ್ಕೆ ತಕ್ಕಂತೆ ಬದಲಾಗುತ್ತಿತ್ತು. ಇಂದು ನಾವು ‘ಸೆಟಪ್’ ಎಂದು ಹಣ ತೆತ್ತು ಮಾಡಿಸುವ ಕೆಲಸದ ದೊಡ್ಡ ಪಾಲನ್ನು ಸ್ಟೌಫರ್ ಹೀಗೆ ವಾದ್ಯದ ಯಜಮಾನನ ಕೈಗೇ ಕೊಟ್ಟಿದ್ದ. ಇದರಲ್ಲಿ ಇನ್ನೊಂದು ಹಿರಿಮೆಯೂ ಇದೆ. ಮುಂದಕ್ಕೆ ತಿರುಗಿಸಿದ ಕೀಲಿಯನ್ನು ಹಿಂದಕ್ಕೂ ತಿರುಗಿಸಬಹುದು. ಮಳೆಗಾಲಕ್ಕೆ ಮಾಡಿದ್ದು ಬೇಸಿಗೆಗೆ ಮುಳುವಾಗುವುದಿಲ್ಲ.

ವ್ಯಾಜ್ಯದಲ್ಲಿ ಗೆದ್ದರೂ ಕ್ರಿಸ್ಟಿಯನ್ ಫ್ರೆಡ್ರಿಕ್ ಊರಿನಲ್ಲಿ ನಿಲ್ಲಲಿಲ್ಲ. ದಿನ ಬೆಳಗಾದರೆ ನೆರೆಯವರ ದೂರಿಗೆ ಉತ್ತರ ಹೇಳುತ್ತಾ ಕಸುಬು ನಡೆಸುವುದು ಯಾರಿಗೆ ತಾನೇ ಹಿತ? 1833ರಲ್ಲಿ ಹೆಂಡತಿ ಮಕ್ಕಳೊಡನೆ ಹಡಗು ಹತ್ತಿ ನ್ಯೂಯಾರ್ಕ್ ಸೇರಿದ. ಹಡ್ಸನ್ ಬೀದಿಯ 196ನೆಯ ಸಂಖ್ಯೆಯ ಅಂಗಡಿಯಲ್ಲಿ ಅವನು ಗಿಟಾರು ತಯಾರಿಸಿದ್ದಷ್ಟೇ ಅಲ್ಲ, ಬೇರೆಯವರ ವಾದ್ಯಗಳನ್ನು ಮಾರಿದ, ಬಗೆಬಗೆಯ ವಾದ್ಯಗಳನ್ನು ರಿಪೇರಿ ಮಾಡಿದ. ಹೊಸ ಊರಿನಲ್ಲಿ ಅವನನ್ನು ಬಲ್ಲವರಿಲ್ಲ, ಶ್ರೇಣಿಯ ಮುದ್ರೆಗೆ ಅಲ್ಲಿ ಬೆಲೆಯಿಲ್ಲ. ಕೆಟ್ಟ ವಾದ್ಯ ಸರಿಹೋಗಿ ಮನೆಗೆ ಮರಳುವುದೊಂದೇ ಅವನ ಪರಿಚಯಪತ್ರ. 1838-39ರ ಹೊತ್ತಿಗೆ ಅವನು ನಗರವನ್ನು ಬಿಟ್ಟು ಪೆನ್ಸಿಲ್ವೇನಿಯಾದಲ್ಲಿ ಮೊರೇವಿಯನ್ ಕ್ರೈಸ್ತರು ಕಟ್ಟಿಕೊಂಡಿದ್ದ ಊರೊಂದರ ಅಂಚಿಗೆ ಹೋಗಿ ನೆಲೆಸಿದ. ಆ ಊರಿನ ಹೆಸರು ನಜರೇತ್. ಬಡಗಿಗಳ ಮನೆತನದವನು ಕೊನೆಗೆ ನಜರೇತಿಗೆ ಬಂದು ಸೇರಿದ್ದು ಕಾಕತಾಳೀಯವೆಂದು ಬಲ್ಲೆ, ಆದರೂ ಮೊದಲ ಸಲ ಓದಿದಾಗ ನಕ್ಕಿದ್ದೆ. ಅವನು ಸ್ಥಾಪಿಸಿದ ಸಂಸ್ಥೆ ಇಂದಿಗೂ ಅಲ್ಲಿಯೇ ಗಿಟಾರು ತಯಾರಿಸುತ್ತಿದೆ.

ಮೊದಮೊದಲು ಮಾರ್ಟಿನ್ ಗಿಟಾರುಗಳಲ್ಲಿಯೂ ಸ್ಟೌಫರನ ಕೀಲಿಯ ತಿರುಪು ಇರುತ್ತಿತ್ತು. ಕ್ರಮೇಣ ಅದು ಮರೆಯಾಗಿ ಕೊರಳನ್ನು ಅಂಟಿನಿಂದಲೇ ಭದ್ರಪಡಿಸುವ ಕ್ರಮ ನೆಲೆನಿಂತಿತು. 1840ರ ದಶಕದಲ್ಲಿ ಮುಖದ ಹಲಗೆಯ ಒಳಗೆ ಇಂಗ್ಲಿಷಿನ ಎಕ್ಸ್ ಅಕ್ಷರದಂತೆ ಅಡ್ಡಪಟ್ಟಿಗಳನ್ನು ಜೋಡಿಸುವ ವಿಧಾನ ರೂಪುಗೊಂಡಿತು. ಆಗಿನ ತಂತಿಗಳು ಕರುಳಿನವು, ಅವುಗಳ ಎಳೆತ ಮೃದು. 1920ರ ದಶಕದಲ್ಲಿ ಉಕ್ಕಿನ ತಂತಿ ಎಲ್ಲೆಡೆ ಬಂದಾಗ ಚಿತ್ರವೇ ಬದಲಾಯಿತು. ಇಂದಿನ ಸಾಧಾರಣ ಉಕ್ಕಿನ ಆರು ತಂತಿಗಳು ಒಟ್ಟಾಗಿ ಸುಮಾರು 70 ಕಿಲೋಗ್ರಾಂ ಭಾರದಷ್ಟು ಬಲದಿಂದ ಕೊರಳನ್ನು ಮುಂದಕ್ಕೆ ಜಗ್ಗುತ್ತವೆ. ಬೆಳೆದ ಮನುಷ್ಯನೊಬ್ಬ ಹಗಲಿರುಳು ಜೋತಾಡಿದಂತೆ! ಹಲಗೆ ಉಬ್ಬುವುದು, ಕೊರಳು ಬಾಗುವುದು, ತಂತಿ ಏರುವುದು ಈ ಜಗ್ಗಾಟದ ಫಲ.

ಇದಕ್ಕೆ ಪರಿಹಾರ ಹುಡುಕಿದವರಲ್ಲಿ ಗಿಬ್ಸನ್ ಸಂಸ್ಥೆಯ ಥಾಡಿಯಸ್ ಮೆಕ್‌ಹ್ಯೂ ಒಬ್ಬ. ಕೊರಳಿನ ಮರದೊಳಗೆ ಹುದುಗಿಸಿದ ಉಕ್ಕಿನ ಸರಳೊಂದನ್ನು ತುದಿಯ ನಟ್ಟಿನಿಂದ ಬಿಗಿ ಸಡಿಲ ಮಾಡುವ ಉಪಾಯಕ್ಕೆ 1923ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. ಅದೇ ಟ್ರಸ್ ರಾಡ್. ಮಾರ್ಟಿನ್ ಸಂಸ್ಥೆಯವರು ಇದನ್ನು ಬಹುಕಾಲ ಒಪ್ಪಲಿಲ್ಲ. 1934ರಿಂದ ಕೊರಳಿಗೆ ಅಲುಗದ ಉಕ್ಕಿನ ಪಟ್ಟಿ ಹಾಕಿದರು, ತಿರುಗಿಸಬಹುದಾದ ಸರಳನ್ನು ಅಳವಡಿಸಿದ್ದು 1985ರಲ್ಲಿ. ಅರುವತ್ತು ವರ್ಷಗಳ ಈ ಹಿಂಜರಿಕೆಯನ್ನು ಹಳೆಯವರ ಹಟವೆಂದು ಕೆಲವರು ಹೇಳುತ್ತಾರೆ. ನನಗೆ ಹಾಗೆನಿಸುವುದಿಲ್ಲ. ತಿರುಗಿಸಲು ಒಂದು ನಟ್ಟನ್ನು ಕೊಟ್ಟಿತೆಂದರೆ, ತಿರುಗಿಸಬಾರದವರೂ ತಿರುಗಿಸುತ್ತಾರೆ. ಟ್ರಸ್ ರಾಡ್ ಇರುವುದು ಕೊರಳಿನ ಬಾಗನ್ನು ಸರಿಪಡಿಸಲು ಮಾತ್ರ. ತಂತಿಯ ಎತ್ತರ ಹೆಚ್ಚಾಗಿದೆ ಎಂದೊಡನೆ ಅದನ್ನೇ ಹಿಡಿದು ಬಿಗಿಯುವವನಿಗೆ ಬಾಗು ಬೇರೆ, ಎತ್ತರ ಬೇರೆ ಎಂಬ ಮೊದಲ ಪಾಠವೇ ಆಗಿಲ್ಲವೆಂದು ತಿಳಿಯಬೇಕು.

ನಮ್ಮ ನಾಡಿನ ಸಂಗೀತಕ್ಕೂ ಈ ಚಿಂತೆ ಹೊಸದಲ್ಲ. ವೀಣೆಯ 24 ಮೆಟ್ಟಿಲುಗಳು ಕೂತಿರುವುದು ಇದ್ದಿಲ ಪುಡಿ ಬೆರೆಸಿದ ಜೇನುಮೇಣದ ಮೇಲೆ. ವರ್ಷಗಳು ಕಳೆದಂತೆ ಮೇಣ ಸಡಿಲವಾಗಿ ಸ್ವರ ಜಾರುತ್ತದೆ, ಆಗ ಬಲ್ಲವರನ್ನು ಕರೆಸಿ ಮೇಳ ಕಟ್ಟಿಸಬೇಕು. ಮೇಣವಾದ್ದರಿಂದ ತಪ್ಪಿದರೂ ಕಾಯಿಸಿ ಮತ್ತೆ ಕೂರಿಸಬಹುದು. ಹಳೆಯ ಗಿಟಾರು ತಯಾರಕರು ಬಳಸುತ್ತಿದ್ದ ಚರ್ಮದ ಅಂಟಿನ ಗುಣವೂ ಅದೇ. ಬಿಸಿ ಮತ್ತು ತೇವ ತಗುಲಿದರೆ ಅದು ಬಿಟ್ಟುಕೊಡುತ್ತದೆ, ಆದ್ದರಿಂದಲೇ ನೂರು ವರ್ಷದ ಗಿಟಾರಿನ ಕೊರಳನ್ನು ಇಂದು ಹಬೆ ಹಾಯಿಸಿ ಬಿಡಿಸಿ, ಕೋನ ತಿದ್ದಿ, ಮರಳಿ ಕೂಡಿಸಲು ಸಾಧ್ಯ. ಮುಂದೆ ಬರುವ ರಿಪೇರಿಯವನಿಗೆ ದಾರಿ ಬಿಟ್ಟು ಕೆಲಸ ಮಾಡುವುದು ಈ ಕಸುಬಿನ ಹಳೆಯ ಮರ್ಯಾದೆ. ಇನ್ನೊಂದು ಮಾತು: ತಂತಿ ಹೊರುವ ಭಾಗವನ್ನು ನಾವು ವೀಣೆಯಲ್ಲಿ ಕುದುರೆ ಎನ್ನುತ್ತೇವೆ. ಗಿಟಾರಿನವರು ಬ್ರಿಡ್ಜಿನ ಮೇಲಿನ ಮೂಳೆಯ ತುಂಡನ್ನು ಸ್ಯಾಡಲ್, ಅಂದರೆ ಜೀನು ಎಂದರು. ಎಲ್ಲಿಯ ಕುದುರೆಗೆ ಎಲ್ಲಿಯ ಜೀನು!

ಗಾಯಗೊಂಡ ಗಿಟಾರನ್ನು ನಾನು 2010ರ ಬೇಸಿಗೆಯಲ್ಲಿ ಬೆಂಗಳೂರಿನ ದಂಡು ಪ್ರದೇಶದ ಗಲ್ಲಿಯೊಂದರಲ್ಲಿದ್ದ ಹಿರಿಯರೊಬ್ಬರ ಬಳಿ ಒಯ್ದೆ. ಅವರನ್ನು ಸೂಚಿಸಿದವರು ಪಿಟೀಲು ಕಲಿಸುವ ಒಬ್ಬ ಅಕ್ಕ. ಹನ್ನೊಂದು ವರ್ಷಗಳಿಂದ ತಮ್ಮ ವಿದ್ಯಾರ್ಥಿಗಳ ವಾದ್ಯಗಳನ್ನೆಲ್ಲ ಅಲ್ಲಿಗೇ ಕಳುಹಿಸುತ್ತಿದ್ದವರು, ಮಾರ್ಕ್‌ನೊಯ್ಕಿರ್ಶೆನ್ನಿನ ಆ ವರ್ತಕನ ಹಾಗೆ.

ಹಿರಿಯರು ಗಿಟಾರನ್ನು ಮುಟ್ಟುವ ಮೊದಲು ನನ್ನನ್ನೇ ವಿಚಾರಿಸಿದರು. “ಮೇಷ್ಟ್ರೇ, ಇದನ್ನ ನುಡಿಸೋರು ಯಾರು? ಬೆರಳಲ್ಲೋ, ಮೀಟುಗೋಲಲ್ಲೋ? ಚರ್ಚಲ್ಲಿ ಎಲ್ಲಿ ಇಡ್ತೀರಿ?” ಹೊರಗೋಡೆಗೆ ತಾಗಿದ ಕಬ್ಬಿಣದ ಬೀರುವಿನಲ್ಲಿ ಎಂದಾಗ ತಲೆಯಾಡಿಸಿದರು. ಬಳಿಕ ಉಕ್ಕಿನ ಪುಟ್ಟ ಅಳತೆಪಟ್ಟಿಯನ್ನು ತೆಗೆದು ಹನ್ನೆರಡನೆಯ ಮೆಟ್ಟಿಲ ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ ಎಂದು ಅಳೆದು ಚೀಟಿಯಲ್ಲಿ ಬರೆದರು. ದಪ್ಪ ತಂತಿಗೆ ಅಲ್ಲಿ ಸುಮಾರು ಎರಡೂವರೆ ಮಿಲಿಮೀಟರ್, ಸಣ್ಣ ತಂತಿಗೆ ಎರಡರೊಳಗೆ ಇರಬೇಕಾದದ್ದು. ನಮ್ಮದು ಅದಕ್ಕಿಂತ ಬಹಳ ಕೆಳಗಿತ್ತು. ಮೊದಲ ಮತ್ತು ಕೊನೆಯ ಮೆಟ್ಟಿಲುಗಳನ್ನು ಒಟ್ಟಿಗೆ ಒತ್ತಿ ಹಿಡಿದು, ನಡುವಿನ ಸಂದಿಯನ್ನು ಬೆಳಕಿಗೆ ಹಿಡಿದು ನನಗೂ ತೋರಿಸಿದರು. ಕೂದಲೆಳೆಯಷ್ಟು ಬಾಗು ಇತ್ತು. “ಕೊರಳು ಸರಿಯಾಗೇ ಇದೆ. ಸರಳು ಮುಟ್ಟೋದು ಬೇಡ” ಎಂದರು.

ಆಮೇಲೆ ಅವರು ಹೇಳಿಕೊಟ್ಟ ಲೆಕ್ಕ ನನಗೆ ಕಣ್ಣು ತೆರೆಸಿತು. ಹನ್ನೆರಡನೆಯ ಮೆಟ್ಟಿಲು ತಂತಿಯ ನಟ್ಟನಡುವೆ ಬರುತ್ತದೆ. ಅಲ್ಲಿ ಒಂದು ಮಿಲಿಮೀಟರ್ ಇಳಿಸಬೇಕಾದರೆ ತಂತಿಯ ತುದಿಯ ಸ್ಯಾಡಲ್ಲಿನಲ್ಲಿ ಎರಡು ಮಿಲಿಮೀಟರ್ ತೆಗೆಯಬೇಕು. ಮಳೆಗಾಲದ ಉಬ್ಬನ್ನು ಹೀಗೆ ಉಜ್ಜಿ ಇಳಿಸಹೊರಟರೆ ಮೂಳೆ ಸಾಲದೆ ಮರಕ್ಕೆ ಕೈ ಹಾಕಬೇಕಾಗುತ್ತದೆ. ನಮ್ಮ ಗಿಟಾರಿಗೆ ಆದದ್ದು ಅದೇ. “ಮಳೆ ನಿಲ್ಲೋ ತನಕ ಕಾಯಿ ಅಂತ ಹೇಳಿದ್ರೆ ದುಡ್ಡು ಬರಲ್ಲ ನೋಡಿ” ಎಂದು ನಕ್ಕರು. ಮೊದಲಿನವನನ್ನು ಅವರು ಹಳಿಯಲಿಲ್ಲ, ಹೆಸರನ್ನೂ ಕೇಳಲಿಲ್ಲ. ಪ್ರತಿಸ್ಪರ್ಧಿಯ ಹೀಗಳಿಕೆಯಿಂದಲೇ ಮಾತು ಆರಂಭಿಸುವ ಅಂಗಡಿಗಳನ್ನು ನಾನು ಆಮೇಲೆ ಕಂಡಿದ್ದೇನೆ. ಅಲ್ಲೆಲ್ಲ ನನಗೆ ಸೌಲನ ಮೂದಲಿಕೆ ನೆನಪಾಗುತ್ತದೆ.

ನಾನು ಕೇಳಿದ ಇನ್ನೊಂದು ಕೆಲಸವನ್ನು ಅವರು ನಿರಾಕರಿಸಿದರು. ಒಳಗಿನ ಅಡ್ಡಪಟ್ಟಿಯೊಂದು ತುಸು ಸಡಿಲವಾಗಿದೆಯೇನೋ ಎಂಬ ಅನುಮಾನ ನನಗಿತ್ತು. ಪುಟ್ಟ ಕನ್ನಡಿ ತೂರಿಸಿ ನೋಡಿ, “ಗಟ್ಟಿಯಾಗೇ ಇದೆ. ಗಟ್ಟಿ ಇರೋದನ್ನ ಗಟ್ಟಿ ಮಾಡೋಕೆ ನಾನು ದುಡ್ಡು ತಗೊಳಲ್ಲ” ಎಂದರು. ಮೊದಲು ಕೇವಲ ಹೊಸ ಮೂಳೆಯ ಸ್ಯಾಡಲ್ ಮಾಡಿ ಕೂರಿಸಿದರು. ತೆಳ್ಳಗಾದ ಬ್ರಿಡ್ಜ್ ಅದನ್ನು ಎಷ್ಟು ಕಾಲ ತಾಳೀತೋ ಒಂದು ವರ್ಷ ನೋಡೋಣ, ಬೇಕೆನಿಸಿದರೆ ಹೊಸ ಬ್ರಿಡ್ಜ್ ಮಾಡೋಣ ಎಂಬುದು ಅವರ ಸಲಹೆ. ಸಣ್ಣ ಕೆಲಸದಿಂದ ಆರಂಭಿಸುವುದು ಎರಡೂ ಕಡೆಗೆ ಒಳ್ಳೆಯದೆಂದು ಈಗ ಅನ್ನಿಸುತ್ತದೆ. ವಾದ್ಯವನ್ನು ಮೊದಲ ಭೇಟಿಯಲ್ಲೇ ಪೂರ್ತಿ ಬಿಚ್ಚಿಸುವುದಕ್ಕಿಂತ ತಂತಿ ಬದಲಿಸುವಂಥ ಚಿಕ್ಕ ಕೆಲಸವನ್ನು ಕೊಟ್ಟು, ಮರಳಿ ಬಂದಾಗ ಒಂದೊಂದು ತಂತಿಯನ್ನೂ ಒಂದೊಂದು ಮೆಟ್ಟಿಲಿನಲ್ಲಿಯೂ ಒತ್ತಿ, ಅವರೆದುರಿಗೇ ನುಡಿಸಿ ನೋಡಬಹುದು. ನಾಚಿಕೊಳ್ಳಬೇಕಾಗಿಲ್ಲ. ಒಳ್ಳೆಯ ರಿಪೇರಿಯವರು ಅದನ್ನು ನಮಗಿಂತ ಮೊದಲು ತಾವೇ ಮಾಡಿರುತ್ತಾರೆ.

ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರಾಧನಾವಿಧಿಯ ಕುರಿತು ಹೊರಡಿಸಿದ ಸಂವಿಧಾನ ಆರ್ಗನ್ನಿಗೆ ಗೌರವದ ಸ್ಥಾನ ಕೊಟ್ಟು, ಆರಾಧನೆಗೆ ತಕ್ಕುದಾದ ಇತರ ವಾದ್ಯಗಳಿಗೂ ಬಾಗಿಲು ತೆರೆದ ಮೇಲೆ, ಗಿಟಾರು ನಮ್ಮ ಎಷ್ಟೋ ದೇವಾಲಯಗಳಿಗೆ ಬಂದಿದೆ. ಬಂದಿರುವ ಗಿಟಾರುಗಳಲ್ಲಿ ಬಹುಪಾಲು ಯಾರದೋ ಕಾಣಿಕೆ. ಕಾಣಿಕೆ ಕೊಟ್ಟವರು ಕೆಲವೊಮ್ಮೆ ಎರಡನೆಯ ಸಾಲಿನಲ್ಲಿ ಕುಳಿತು ಕೇಳುತ್ತಿರುತ್ತಾರೆ.

ಮರುವರ್ಷ, 2011ರಲ್ಲಿ, ಹಿರಿಯರು ಹೊಸ ಬ್ರಿಡ್ಜ್ ಮಾಡಿ ಕೂರಿಸಿದರು. ಹಳೆಯದನ್ನು, ಉಜ್ಜಿಹೋದ ಆ ಮೂಳೆಯ ತುಂಡಿನ ಸಮೇತ, ಕಾಗದದಲ್ಲಿ ಸುತ್ತಿ ನನ್ನ ಕೈಗಿತ್ತು, “ಇದು ಅವರ ಮನೆಯ ಸ್ವತ್ತು, ಕೊಟ್ಟುಬಿಡಿ ಮೇಷ್ಟ್ರೇ” ಎಂದರು. ನಾನು ಅದನ್ನು ಆ ತಾಯಿಯ ಮನೆಗೆ ಒಯ್ದು ನಡೆದದ್ದನ್ನೆಲ್ಲ ಹೇಳಿದೆ. ಅವರು ಪೊಟ್ಟಣವನ್ನು ಬಿಚ್ಚಿ, ತಂತಿಗಳು ಉಂಟುಮಾಡಿದ ಗೀರುಗಳ ಮೇಲೆ ಬೆರಳಾಡಿಸಿ, ಒಳಗೆ ಹೋಗಿ ಇಟ್ಟು ಬಂದರು. ಕಾಫಿ ಕುಡಿದು ಬಂದೆ.

ಗಿಟಾರು ಈಗ ಗುರುಮನೆಯ ಒಳಕೋಣೆಯಲ್ಲಿದೆ. ಅಳತೆಯ ಚೀಟಿ ಅದರ ಪೆಟ್ಟಿಗೆಯಲ್ಲಿಯೇ ಇದೆ. ಪ್ರತಿವರ್ಷ ಜೂನ್‌ನಲ್ಲೊಮ್ಮೆ, ಫೆಬ್ರವರಿಯಲ್ಲೊಮ್ಮೆ ಗಾನವೃಂದದ ಹುಡುಗರು ಹನ್ನೆರಡನೆಯ ಮೆಟ್ಟಿಲ ಬಳಿ ಅಳತೆಪಟ್ಟಿ ಹಿಡಿದು, ಬಂದ ಅಂಕಿಯನ್ನು ಅದೇ ಚೀಟಿಯ ಹಿಂಬದಿಯಲ್ಲಿ ಬರೆದಿಡುತ್ತಾರೆ.